ಸ್ತಬ್ಧವಾದ 1400 ಕಿಲೋಹರ್ಟ್ಸ್: ಅಮೆರಿಕದ ಪುಟ್ಟ ಊರಿನ ಎಎಂ ಕೇಂದ್ರವನ್ನು ಮತ್ತೆ ಶುರು ಮಾಡುವುದು ಹೇಗೆ?

ಮಧ್ಯಮತರಂಗ:
ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಕೌಂಟಿ ಕೇಂದ್ರ (ನಮ್ಮ ಜಿಲ್ಲಾ ಕೇಂದ್ರದಂಥ ಊರು), ಹೆಚ್ಚೆಂದರೆ ಎಂಟು ಸಾವಿರ ಜನ. ಊರಿಗೆ ಇದ್ದದ್ದು ಒಂದೇ ರೇಡಿಯೋ: 1400 ಕಿಲೋಹರ್ಟ್ಸ್, ಕ್ಲಾಸ್ ಸಿ (ಊರಿನ ಮಟ್ಟದ ಚಿಕ್ಕ ಕೇಂದ್ರಗಳ ದರ್ಜೆ), ಹಗಲು ರಾತ್ರಿ 1 ಕಿಲೋವ್ಯಾಟ್, ಒಂದೇ ಗೋಪುರ. ಏಳು ತಿಂಗಳಿಂದ ಪ್ರಸಾರ ನಿಂತಿದೆ. ವಾರಪತ್ರಿಕೆ ಅದಕ್ಕೂ ಮೊದಲೇ ಮುಚ್ಚಿತ್ತು. ಈಗ ರೈತರ ಸಹಕಾರ ಸಂಘ, ಶಾಲಾ ಮಂಡಳಿಯ ಕೆಲವರು ಮತ್ತು ಎರಡು ಚರ್ಚ್‌ನವರು ಸೇರಿ ಒಂದು ಲಾಭರಹಿತ ಸಂಸ್ಥೆ ಕಟ್ಟಿ ಕೇಂದ್ರವನ್ನು ಕೊಳ್ಳಲು ಹೊರಟಿದ್ದಾರೆ. ಅಲ್ಲಿ ಕೆಲಸದಲ್ಲಿರುವ ಕನ್ನಡಿಗ ಎಂಜಿನಿಯರುಗಳ ಮೇಲೆ ತಾಂತ್ರಿಕ ಹೊಣೆ ಬಿದ್ದಿದೆ.

ಸ್ಥಳದಲ್ಲಿ ಇರುವುದಿಷ್ಟು: ಸುಮಾರು 53 ಮೀಟರ್ ಎತ್ತರದ, ಬೀಳದಂತೆ ಸುತ್ತ ಗೈ ತಂತಿ ಬಿಗಿದು ಕಟ್ಟಿದ ಗೋಪುರ, ಗೇಟ್ಸ್ ಕಂಪನಿಯ ಒಂದು ಹಳೆಯ ಬಿಸಿ-1ಟಿ ವಾಲ್ವ್ ಟ್ರಾನ್ಸ್‌ಮಿಟರ್, ಕೆಟ್ಟು ಕೂತ ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರ್, ಬಳ್ಳಿ ಹಬ್ಬಿದ ಟ್ಯೂನಿಂಗ್ ಮನೆ (ಟ್ರಾನ್ಸ್‌ಮಿಟರನ್ನು ಗೋಪುರಕ್ಕೆ ಹೊಂದಿಸುವ ಸಲಕರಣೆ ಇರುವ ಪುಟ್ಟ ಮನೆ). ಗೋಪುರದ ಬುಡದ ಪ್ರತಿರೋಧ ಲೈಸೆನ್ಸ್‌ನಲ್ಲಿ 40 ಓಮ್ ಎಂದಿದೆ, ಈಗ ಅಳೆದರೆ 58. ಹೊಸ ಟ್ರಾನ್ಸ್‌ಮಿಟರ್ ಕೊಳ್ಳಲು ಹಣ ಎತ್ತೋಣ ಎಂದು ಸಮಿತಿ ಹೇಳುತ್ತಿದೆ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಕಾನೂನುಕಟ್ಟೆ:
ಮೊದಲು ಕ್ಯಾಲೆಂಡರ್ ನೋಡಿ. ಸಂವಹನ ಕಾಯಿದೆಯ 312(ಜಿ) ಪ್ರಕಾರ ಸತತ 12 ತಿಂಗಳು ಪ್ರಸಾರ ಇಲ್ಲದಿದ್ದರೆ ಲೈಸೆನ್ಸ್ ತನ್ನಿಂತಾನೇ ರದ್ದಾಗುತ್ತದೆ. ನೋಟಿಸು ಬರುವುದಿಲ್ಲ, ವಿಚಾರಣೆಯೂ ಇಲ್ಲ. ಪ್ರಸಾರ ಲೈಸೆನ್ಸ್ ಕೊಡುವ ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿಗೆ ಅದನ್ನು ಉಳಿಸಿಕೊಡುವ ಅಧಿಕಾರ ಇದೆಯಾದರೂ ಅದನ್ನು ಬಳಸುವುದು ಅಪರೂಪ, ನಂಬಿ ಕೂರಬೇಡಿ. ನಿಮಗೆ ಉಳಿದಿರುವುದು ಐದೇ ತಿಂಗಳು.

ನಿಂತ ಹತ್ತು ದಿನದೊಳಗೆ ಎಫ್‌ಸಿಸಿಗೆ ತಿಳಿಸಿದ್ದಾರೆಯೇ, 30 ದಿನ ದಾಟುವ ಮೊದಲು ಮೌನಕ್ಕೆ ತಾತ್ಕಾಲಿಕ ಅನುಮತಿ, ಅಂದರೆ ಎಸ್‌ಟಿಎ, ಕೇಳಿದ್ದಾರೆಯೇ ಎಂದು ಮಾಲೀಕರ ಕಡತದಲ್ಲಿ ನೋಡಿ. ಆ ಅನುಮತಿ ಇದ್ದರೂ 12 ತಿಂಗಳ ಗಡಿಯಾರ ನಿಲ್ಲುವುದಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಎರಡನೆಯದು ಬಾಕಿ. ಹಳೆಯ ವಾರ್ಷಿಕ ಶುಲ್ಕ ಕಟ್ಟದಿದ್ದರೆ ಶೇ. 25 ದಂಡ ಸೇರುತ್ತದೆ, ಬಾಕಿ ತೀರುವವರೆಗೆ ಎಫ್‌ಸಿಸಿ ಯಾವ ಅರ್ಜಿಯನ್ನೂ ಮುಟ್ಟುವುದಿಲ್ಲ. ಕೊಳ್ಳುವ ಕರಾರಿಗೆ ಸಹಿ ಹಾಕುವ ಮೊದಲೇ ಆ ಕೇಂದ್ರದ ನೋಂದಣಿ ಸಂಖ್ಯೆಯಲ್ಲಿ ಎಷ್ಟು ಬಾಕಿ ಇದೆ ಎಂದು ನೋಡಿ, ಅದನ್ನು ಯಾರು ತುಂಬಬೇಕೆಂದು ಕರಾರಿನಲ್ಲೇ ಬರೆಸಿ. ನಿಮ್ಮ ಸಂಸ್ಥೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಪಡೆದ ಲಾಭರಹಿತ ಸಂಸ್ಥೆ, ಆಗಿದ್ದು ದಾಖಲೆ ಸಲ್ಲಿಸಿದರೆ ಮುಂದಿನ ವಾರ್ಷಿಕ ಶುಲ್ಕದಿಂದ ವಿನಾಯಿತಿ ಸಿಗುತ್ತದೆ.

ಮೂರನೆಯದು ವರ್ಗಾವಣೆ. ಲೈಸೆನ್ಸ್ ಹಸ್ತಾಂತರದ 314ನೇ ನಮೂನೆಯ ಅರ್ಜಿ ಸ್ವೀಕಾರವಾದ ಸಾರ್ವಜನಿಕ ಪ್ರಕಟಣೆ ಬಂದ ಮೇಲೆ ಆಕ್ಷೇಪಕ್ಕೆ 30 ದಿನ ಬಿಡಲೇಬೇಕು. ಆದೇಶ, ಹಣ ಪಾವತಿ ಎಲ್ಲ ಸೇರಿ ತಿಂಗಳುಗಳೇ ಹೋಗುತ್ತವೆ. ವರ್ಗಾವಣೆ ಆದ ಮೇಲೆ ಪ್ರಸಾರ ಶುರು ಮಾಡೋಣ ಎಂದುಕೊಂಡರೆ ಲೈಸೆನ್ಸ್ ಕೈಬಿಟ್ಟು ಹೋಗುತ್ತದೆ. ಈಗಿನ ಮಾಲೀಕರ ಹೆಸರಿನಲ್ಲೇ ಪ್ರಸಾರ ಪುನರಾರಂಭವಾಗಲಿ. ವರ್ಗಾವಣೆವರೆಗೆ ಸಮಯ ಖರೀದಿ ಒಪ್ಪಂದದ ಮೇಲೆ ಕಾರ್ಯಕ್ರಮ ನೀವು ಕೊಡಿ. ಕೇಂದ್ರದ ಮೇಲಿನ ಅಂತಿಮ ಹತೋಟಿ ಮಾತ್ರ ಮಾಲೀಕರ ಕೈಯಲ್ಲೇ ಇರಬೇಕು, ಇದು ಕಾಗದದ ಮೇಲೂ ಇರಬೇಕು, ನಡೆಯಲ್ಲೂ ಇರಬೇಕು.

ಹುಬ್ಬಳ್ಳಿ_ಹ್ಯಾಮ್:
ಕಾನೂನಿಂದು ಅವರು ಹೇಳ್ಯಾರ. ನಾ ನೆಲದ ಮಾತು ಹೇಳ್ತೀನ್ರಿ. 40 ಓಮ್ ಇದ್ದದ್ದು 58 ಆಗೇತಿ ಅಂದ್ರ ನಿಮ್ಮ ರೋಗ ಟ್ರಾನ್ಸ್‌ಮಿಟರ್‌ನಾಗ ಇಲ್ಲ, ಮಣ್ಣಾಗ ಐತಿ. ಹೊಸಾ ಟ್ರಾನ್ಸ್‌ಮಿಟರ್‌ಗೆ ಈಗ ರೊಕ್ಕಾ ಹಾಕಬ್ಯಾಡ್ರಿ.

ಲೆಕ್ಕಾ ನೋಡ್ರಿ. ಕಾಲು ತರಂಗದ ಗೋಪುರಕ್ಕ, ಅಂದ್ರ ತರಂಗಾಂತರದ ನಾಲ್ಕನೇ ಒಂದು ಪಾಲು ಎತ್ತರ ಇರೂ ನಿಮ್ಮಂಥಾ ಗೋಪುರಕ್ಕ, ವಿಕಿರಣ ಪ್ರತಿರೋಧ (ಗಾಳಿಗೆ ಹೋಗೂ ಪಾಲು) ಸುಮಾರು 36.5 ಓಮ್. ಉಳಿದದ್ದೆಲ್ಲಾ ನಷ್ಟ. ಒಟ್ಟು 40 ಇದ್ದಾಗ ನೂರಕ್ಕ 91 ಪಾಲು ಗಾಳಿಗೆ ಹೋಗ್ತಿತ್ತು. ಈಗ 58 ಅಂದ್ರ 63 ಪಾಲು. 1000 ವ್ಯಾಟ್ ಕೊಟ್ರ 370 ವ್ಯಾಟ್ ಮಣ್ಣು ಕಾಯಿಸಾಕ ಹೊಂಟೈತಿ. ಎಂಥಾ ಟ್ರಾನ್ಸ್‌ಮಿಟರ್ ತಂದು ಇಟ್ರೂ ಈ ನಷ್ಟ ಹಂಗ ಇರತೈತಿ.

ಮಳಿ ಬಂದ ಮರುದಿನ ಒಮ್ಮೆ, ಬಿಸಿಲು ಬಿದ್ದು ನೆಲಾ ಒಣಗಿದ ಮ್ಯಾಲೆ ಒಮ್ಮೆ ಅಳೀರಿ. ಎರಡಕ್ಕೂ ಭಾಳ ಫರಕ್ ಬಂದ್ರ ರೇಡಿಯಲ್ ತಂತಿ (ಗೋಪುರದ ಬುಡದಿಂದ ಸುತ್ತಲೂ ಮಣ್ಣಾಗ ಹೂಳಿದ ತಾಮ್ರದ ತಂತಿ) ಕಡದಾವು ಇಲ್ಲಾ ಕಳುವಾಗ್ಯಾವು ಅಂತ ತಿಳೀರಿ. ತಾಮ್ರದ ಕಳ್ಳರು ಗೋಪುರದ ಬುಡದಾಗಿನ ಅಗಲ ಪಟ್ಟೀನ ಮೊದಲು ಕೊಯ್ತಾರ, ಆಮ್ಯಾಲೆ ತಂತೀನ ಹಿಡದು ಎಳಕೊಂಡು ಹೋಗ್ತಾರ.

ಗೋಪುರಪಾಲಕ:
ಹುಬ್ಬಳ್ಳಿಯವರ ಮಾತು ನೂರಕ್ಕೆ ನೂರು ನಿಜ. ಒಂದು ಎಚ್ಚರಿಕೆ ಸೇರಿಸುತ್ತೇನೆ: 58 ಓಮ್ ಎಂಬುದನ್ನು ಎಲ್ಲಿ ಅಳೆದಿರಿ? ಗೋಪುರಕ್ಕೆ ಹೋಗುವ ತಾಮ್ರದ ಕೊಳವೆಯನ್ನು ಟ್ಯೂನಿಂಗ್ ಘಟಕದಿಂದ ಬಿಚ್ಚಿ, ಸ್ಟ್ಯಾಟಿಕ್ ಡ್ರೇನ್ ಚೋಕ್ (ಗೋಪುರದಲ್ಲಿ ಸೇರುವ ಸ್ಥಿರವಿದ್ಯುತ್ತನ್ನು ನೆಲಕ್ಕಿಳಿಸುವ ಸುರುಳಿ) ಮತ್ತು ದೀಪದ ಚೋಕ್ ಜಾಗದಲ್ಲೇ ಇರುವಾಗ, ಆಂಟೆನಾ ಆಮ್‌ಮೀಟರ್ ಕೂರುವ ಬಿಂದುವಿನಲ್ಲೇ ಅಳೆಯಬೇಕು. ಡೆಲ್ಟಾ ಕಂಪನಿಯ ಓಐಬಿ-1 ಬ್ರಿಡ್ಜ್ ಆದರೂ ಸರಿ, ಬೇರೆ ಕೇಂದ್ರಗಳ ಬಲವಾದ ಸಂಕೇತ ನುಗ್ಗದಂತೆ ನೋಡಿಕೊಂಡು ನೆಟ್‌ವರ್ಕ್ ಅನಲೈಸರ್ ಬಳಸಿದರೂ ಸರಿ. 1400 ಒಂದರಲ್ಲೇ ಅಳೆದು ಬಿಡಬೇಡಿ. 1380ರಿಂದ 1420ರವರೆಗೆ 5 ಕಿಲೋಹರ್ಟ್ಸ್ ಅಂತರದಲ್ಲಿ ಅಳೆದು ಗ್ರಾಫ್ ಹಾಕಿ. ಗೆರೆ ನುಣುಪಾಗಿ ಏರಬೇಕು. ನಡುವೆ ಉಬ್ಬು ಎದ್ದರೆ ಹತ್ತಿರದ ಯಾವುದೋ ಲೋಹದ ಕಂಬ ನಿಮ್ಮ ಸಂಕೇತ ಹೀರುತ್ತಿದೆ.

ಕೇಂದ್ರ ಮೌನವಾಗಿದ್ದಾಗ ಸುತ್ತ ಮೊಬೈಲ್ ಗೋಪುರ ಎದ್ದಿರಬಹುದು. ಒಂದೇ ಗೋಪುರದ ಎಎಂ ಕೇಂದ್ರದಿಂದ ಒಂದು ತರಂಗಾಂತರದೊಳಗೆ, ಅಂದರೆ ನಿಮಗೆ 214 ಮೀಟರಿನೊಳಗೆ, 60 ವಿದ್ಯುತ್ ಡಿಗ್ರಿಗಿಂತ (ಒಂದು ಪೂರ್ತಿ ತರಂಗಾಂತರ 360 ಡಿಗ್ರಿ) ಎತ್ತರದ, ಅಂದರೆ ನಿಮ್ಮ ಆವರ್ತನಕ್ಕೆ ಸುಮಾರು 36 ಮೀಟರ್ ಮೀರಿದ ಗೋಪುರ ಕಟ್ಟುವವರು ಮೊದಲೇ ಎಎಂ ಕೇಂದ್ರಕ್ಕೆ ತಿಳಿಸಬೇಕೆಂದು ಎಫ್‌ಸಿಸಿ ನಿಯಮವಿದೆ. ಅಂಥದ್ದು ಎದ್ದಿದ್ದರೆ ಡೀಟ್ಯೂನ್ ಮಾಡಿಸುವ, ಅಂದರೆ ಅದು ನಿಮ್ಮ ಸಂಕೇತ ಹೀರದಂತೆ ಮಾಡಿಸುವ ಖರ್ಚು ಅವರದು, ನಿಮ್ಮದಲ್ಲ.

ಮಧ್ಯಮತರಂಗ:
ಅಳೆದದ್ದು ಸರಿಯಾದ ಬಿಂದುವಿನಲ್ಲೇ. ಗೆರೆ ನುಣುಪಾಗಿದೆ, ಹತ್ತಿರ ಬೇರೆ ಗೋಪುರವೂ ಇಲ್ಲ. ಒಣ ನೆಲದಲ್ಲಿ 58, ಮಳೆಯ ಮರುದಿನ 47. ಬುಡದಲ್ಲಿ ಅಗೆದಾಗ ಉತ್ತರದ ಬದಿ ತಂತಿ ಸಿಕ್ಕಿತು, ದಕ್ಷಿಣದ ಬದಿ ಪಟ್ಟಿಯೇ ಇಲ್ಲ. ಪೂರ್ತಿ ಹೊಸದಾಗಿ ಹಾಕಿದರೆ ಎಷ್ಟು ತಾಮ್ರ ಬೇಕು? ಕಡಿಮೆಯಲ್ಲಿ ಮುಗಿಸುವ ದಾರಿ ಇದೆಯೇ?

ಹುಬ್ಬಳ್ಳಿ_ಹ್ಯಾಮ್:
ಹಂಗಾರ ಅನುಮಾನ ಬ್ಯಾಡ, ನೆಲಾನ ಹಾಳಾಗೇತಿ.

ಪೂರಾ ಲೆಕ್ಕಾ ಹಿಂಗ ಐತ್ರಿ. 1400ಕ್ಕ ಕಾಲು ತರಂಗ 53.5 ಮೀಟರ್. 120 ತಂತಿ, ಮೂರು ಡಿಗ್ರಿಗೊಂದು. ಒಟ್ಟು ಸುಮಾರು 6,420 ಮೀಟರ್. 10 ಗೇಜ್ ಬರೀ ತಾಮ್ರದ ತಂತಿ ಕಿಲೋಮೀಟರ್‌ಗೆ ಹತ್ತಿರಹತ್ತಿರ 47 ಕೆ.ಜಿ. ತೂಗತೈತಿ, ಅಂದ್ರ 300 ಕೆ.ಜಿ. ತಾಮ್ರ. ಅದರ ಮ್ಯಾಲೆ ಬುಡದ ಸುತ್ತ 10 ಸೆಂಟಿಮೀಟರ್ ಅಗಲದ ಪಟ್ಟಿ, ಟ್ಯೂನಿಂಗ್ ಮನಿಗೆ ಒಂದು ಪಟ್ಟಿ, ಅಲ್ಲಿಂದ ಟ್ರಾನ್ಸ್‌ಮಿಟರ್ ಕಟ್ಟಡಕ್ಕ ಒಂದು.

120ರ ಅಂಕಿ ಎಲ್ಲಿಂದ ಬಂತು ಅಂದ್ರ 1937ರಾಗ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಮಾಡಿದ ಅಳತಿಯಿಂದ. ಎಫ್‌ಸಿಸಿ ನಿಯಮದಾಗ 90ಕ್ಕಿಂತ ಕಡಿಮಿ ಇರಬಾರದು ಅಂತ ಐತಿ. ನಿಮಗ ಉತ್ತರದ ಬದಿ ತಂತಿ ಉಳದಾವು. ಒಂದೊಂದು ತಂತಿಗೂ ಕ್ಲಾಂಪ್ ಮಾದರಿಯ ಆರ್‌ಎಫ್ ಕರೆಂಟ್ ಮೀಟರ್ ಹಾಕಿ, ಕಡಿಮಿ ಪವರ್‌ನಾಗ ನೋಡ್ರಿ. ಅಕ್ಕಪಕ್ಕದ ತಂತ್ಯಾಗ ಹರಿಯೂವಷ್ಟು ಕರೆಂಟ್ ಬಂದ್ರ ಅದು ಜೀವಂತ. ಏನೂ ಬರಲಿಲ್ಲ ಅಂದ್ರ ಬುಡದ ಹತ್ರಾನ ಕಡದೈತಿ. ಸತ್ತದ್ದಷ್ಟ ಬದಲಿ ಮಾಡ್ರಿ.

ಆಳ 15ರಿಂದ 20 ಸೆಂಟಿಮೀಟರ್ ಸಾಕು. ಟ್ರ್ಯಾಕ್ಟರ್‌ಗೆ ಕಟ್ಟೂವಂಥ, ಕೇಬಲ್ ಹೂಳೂ ನೇಗಿಲಾ ಇರತಾವ. ನಿಮ್ಮದು ರೈತರ ಸಂಘ, ಯಾರ ಹತ್ರಾದರೂ ಸಿಗತೈತಿ. ಜೋಡಣಿಗೆ ಸೀಸದ ಬೆಸಿಗಿ ಬ್ಯಾಡ್ರಿ, ಮಣ್ಣಾಗ ಕೆಲವು ವರ್ಷಕ್ಕ ಪುಡಿ ಆಗತೈತಿ. ಬೆಳ್ಳಿ ಬೆಸಿಗೀನ ಮಾಡ್ರಿ. ಬೆಸಿಗಿ ಮುಗಿಯೂ ತನಕ ಗುಂಡಿ ಮುಚ್ಚಬ್ಯಾಡ್ರಿ, ಒಂದೊಂದು ಜೋಡಣಿಗೂ ಫೋಟೋ ತಕ್ಕೊಂಡು ಇಟ್ಕೊಳ್ರಿ.

ಧ್ವನಿಫಲಕ:
ಒಂದು ಭಿನ್ನಾಭಿಪ್ರಾಯ. 300 ಕೆ.ಜಿ. ತಾಮ್ರ, ಬೇಲಿ, ಗೋಪುರ ಇದೆಲ್ಲ ಈಗ ಬೇಕೇ? ಊರಿನ ಜನ ಎಫ್‌ಎಂ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ. ಎಲ್‌ಇಡಿ ದೀಪ, ಚಾರ್ಜರು, ಸೋಲಾರ್ ಇನ್ವರ್ಟರ್ ಹೊರಡಿಸುವ ಗದ್ದಲದಲ್ಲಿ ಮನೆಯೊಳಗೆ ಎಎಂ ಕೇಳುವುದೇ ಕಷ್ಟ. ರಾತ್ರಿ 1400ರಲ್ಲಿ ದೇಶದ ತುಂಬಾ ಇರುವ ಕೇಂದ್ರಗಳೆಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಕೆಲವೇ ಕಿಲೋಮೀಟರ್ ಆಚೆ ಬರೀ ಕಲಸುಮೇಲೋಗರ. ಎಫ್‌ಎಂ ಟ್ರಾನ್ಸ್‌ಲೇಟರ್ ಒಂದನ್ನೇ ನಡೆಸಿದರೆ ಆಗದೇ?

ಕಾನೂನುಕಟ್ಟೆ:
ಆಗದು. ಟ್ರಾನ್ಸ್‌ಲೇಟರ್ ಎಂಬುದು ಎಎಂ ಕೇಂದ್ರದ ಮರುಪ್ರಸಾರ. ಎಎಂ ನಿಂತರೆ ಅದೂ ನಿಲ್ಲಬೇಕು. 2024ರ ಫೆಬ್ರವರಿಯಲ್ಲಿ ಅಲಬಾಮಾದ ಜಾಸ್ಪರ್‌ನಲ್ಲಿ 1240 ಕಿಲೋಹರ್ಟ್ಸ್‌ನ ಡಬ್ಲ್ಯೂಜೆಎಲ್‌ಎಕ್ಸ್ ಕೇಂದ್ರದ ಗೋಪುರವೇ ಕಳುವಾಯಿತೆಂದು ದೊಡ್ಡ ಸುದ್ದಿಯಾಯಿತಲ್ಲ, ಆಗಲೂ ಎಎಂ ಇಲ್ಲದೆ ಟ್ರಾನ್ಸ್‌ಲೇಟರ್ ಮಾತ್ರ ನಡೆಸಲು ಎಫ್‌ಸಿಸಿ ಒಪ್ಪಲಿಲ್ಲ.

ಇನ್ನೊಂದು ದಾರಿ ಕಡಿಮೆ ಶಕ್ತಿಯ ಎಫ್‌ಎಂ, ಎಲ್‌ಪಿಎಫ್‌ಎಂ. ಅದು 100 ವ್ಯಾಟ್, ವಾಣಿಜ್ಯ ಜಾಹೀರಾತಿಗೆ ಅವಕಾಶವಿಲ್ಲ, ಅರ್ಜಿ ಹಾಕಲು ಎಫ್‌ಸಿಸಿ ಕಿಟಕಿ ತೆರೆಯುವವರೆಗೆ ಕಾಯಬೇಕು. 2023ರ ಡಿಸೆಂಬರ್‌ನಲ್ಲಿ ಒಂದು ಕಿಟಕಿ ತೆರೆದು ಮುಚ್ಚಿತು. ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಹಕ್ಕೆಂದರೆ 1400 ಒಂದೇ.

ಗೋಪುರಪಾಲಕ:
ಧ್ವನಿಫಲಕ ಅವರು ಹೇಳಿದ ರಾತ್ರಿಯ ತೊಂದರೆ ನಿಜ, ಅದಕ್ಕೇ ಟ್ರಾನ್ಸ್‌ಲೇಟರ್ ಬೇಕು, ಆದರೆ ಜೊತೆಗೆ ಬೇಕು. 250 ವ್ಯಾಟ್‌ವರೆಗಿನ ಟ್ರಾನ್ಸ್‌ಲೇಟರ್ ಊರಿನೊಳಗೆ ಶುದ್ಧ ಧ್ವನಿ ಕೊಡುತ್ತದೆ. ಹಗಲು ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ, ಕೌಂಟಿಯ ಅಂಚಿನ ಮನೆಗೆ ತಲುಪುವುದು ಎಎಂ. ಕರೆಂಟ್ ಹೋಗಿ ಮೊಬೈಲ್ ಗೋಪುರದ ಬ್ಯಾಟರಿಯೂ ಇಳಿದ ಮೇಲೆ ಸುಂಟರಗಾಳಿಯ ಎಚ್ಚರಿಕೆ ಕೇಳಿಸುವ ರೇಡಿಯೋ ಬೇಕೆಂದರೆ ಅದು ಇದೇ. 2023ರಲ್ಲಿ ಫೋರ್ಡ್ ಕಂಪನಿ ಹೊಸ ಕಾರುಗಳಿಂದ ಎಎಂ ತೆಗೆಯಲು ಹೊರಟು, ಆಮೇಲೆ ಮನಸ್ಸು ಬದಲಿಸಿದ್ದರ ಹಿಂದೆಯೂ ಇದೇ ವಾದವಿತ್ತು.

ಟ್ರಾನ್ಸ್‌ಲೇಟರ್ ಆಂಟೆನಾವನ್ನು ಅದೇ ಗೋಪುರಕ್ಕೆ ಹಾಕುವುದಾದರೆ ಕೇಬಲ್ಲನ್ನು ನೇರವಾಗಿ ಮೇಲಕ್ಕೆ ಎಳೆಯುವಂತಿಲ್ಲ. ಇಡೀ ಗೋಪುರವೇ ಆಂಟೆನಾ, ಬುಡ ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿದೆ. ಕೇಬಲ್‌ನ ಹೊರಕವಚ ನೆಲಕ್ಕೆ ತಾಗಿದರೆ ಎಎಂ ಅಲ್ಲಿಗೇ ಶಾರ್ಟ್. ಬುಡದಲ್ಲಿ ಐಸೋಕಪ್ಲರ್ ಹಾಕಬೇಕು, ಅದು ತಂತಿ ತಾಗಿಸದೆ ಎಫ್‌ಎಂ ಸಂಕೇತವನ್ನು ಗೋಪುರಕ್ಕೆ ದಾಟಿಸುತ್ತದೆ. ಹಾಕಿದ ಮೇಲೆ ಬುಡದ ಪ್ರತಿರೋಧ ಬದಲಾಗುತ್ತದೆ, ಮತ್ತೆ ಅಳೆದು ಎಫ್‌ಸಿಸಿಗೆ ತಿಳಿಸಬೇಕು. ಆದ್ದರಿಂದ ನೆಲ ಸರಿಪಡಿಸುವುದು, ಐಸೋಕಪ್ಲರ್ ಕೂರಿಸುವುದು ಎರಡೂ ಮುಗಿದ ಮೇಲೆ ಒಂದೇ ಸಲ ಅಳೆಯಿಸಿ, ಎರಡು ಸಲದ ಖರ್ಚು ಉಳಿಯುತ್ತದೆ.

ಗೋಪುರದ ವಿಷಯಕ್ಕೆ ಬಂದರೆ, 53 ಮೀಟರ್ ಇರುವುದು ನಿಮ್ಮ ಅದೃಷ್ಟ. 200 ಅಡಿ, ಅಂದರೆ 61 ಮೀಟರ್ ಒಳಗಿದ್ದು ವಿಮಾನ ನಿಲ್ದಾಣ ಹತ್ತಿರವಿಲ್ಲದಿದ್ದರೆ ಸಾಮಾನ್ಯವಾಗಿ ದೀಪ, ಬಣ್ಣದ ಕಟ್ಟುಪಾಡು ಇರುವುದಿಲ್ಲ. ಆದರೂ ಲೈಸೆನ್ಸ್‌ನಲ್ಲಿ ದೀಪದ ಷರತ್ತು ಇದೆಯೇ ನೋಡಿ. ಇದ್ದು, ಕೆಟ್ಟದ್ದು ಕಣ್ಣಿಗೆ ಬಿದ್ದರೆ 30 ನಿಮಿಷದೊಳಗೆ ವಿಮಾನಯಾನ ಇಲಾಖೆಗೆ ವರದಿ ಮಾಡಬೇಕು.

ಗೈ ತಂತಿಗಳನ್ನು ಮೇಲಿಂದ ನೋಡಿ ಚೆನ್ನಾಗಿವೆ ಎನ್ನುವುದು ಅಪಾಯ. ತುಕ್ಕು ತಿನ್ನುವುದು ತಂತಿಯನ್ನು ನೆಲಕ್ಕೆ ಹಿಡಿದಿಡುವ, ಮಣ್ಣಿನ ಕೆಳಗಿನ ಆಂಕರ್ ಸರಳನ್ನು. ಮೂರೂ ಆಂಕರ್‌ಗಳ ಬಳಿ ಒಂದಾದ ಮೇಲೊಂದರಂತೆ ಅಗೆಸಿ, ಕಾಂಕ್ರೀಟ್ ಕಾಣುವವರೆಗೆ. ಸರಳು ಸೊಂಟದಲ್ಲಿ ಸಣ್ಣಗಾಗಿದ್ದರೆ ಗೋಪುರ ಹತ್ತಲು ಯಾರನ್ನೂ ಬಿಡಬೇಡಿ. ತಂತಿಯ ಬಿಗಿತ ಅದರ ಮುರಿಯುವ ಶಕ್ತಿಯ ಶೇ. 10ರ ಆಸುಪಾಸಿನಲ್ಲಿರಬೇಕು. ಪ್ರಸಾರ ನಡೆಯುವಾಗ ನೆಲದ ಮೇಲೆ ಕಾಲಿಟ್ಟು ಗೋಪುರ ಮುಟ್ಟಿದವರ ಕೈ ಸುಡುತ್ತದೆ, ಅದಕ್ಕೇ ಬುಡಕ್ಕೆ ಬೀಗ ಹಾಕಿದ ಬೇಲಿ ಕಡ್ಡಾಯ. ಬೇಲಿಯೊಳಗೆ ಹುಲ್ಲು ಬೆಳೆಯದಂತೆ ಜಲ್ಲಿ ಹಾಸಿ.

ಮಧ್ಯಮತರಂಗ:
ಬಹಳ ಉಪಯೋಗವಾಯಿತು. ಟ್ಯೂನಿಂಗ್ ಮನೆ ಮತ್ತು ಹಳೆಯ ಗೇಟ್ಸ್ ಬಗ್ಗೆಯೂ ಹೇಳಿ. ಐದು ತಿಂಗಳೊಳಗೆ ಏನಾದರೂ ಪ್ರಸಾರ ಆಗಲೇಬೇಕಲ್ಲ.

ಹುಬ್ಬಳ್ಳಿ_ಹ್ಯಾಮ್:
ಬಿಸಿ-1ಟಿ ಗಟ್ಟಿ ಯಂತ್ರ. ನಾಲ್ಕು 833ಎ ವಾಲ್ವ್: ಎರಡು ಆರ್‌ಎಫ್‌ಗೆ, ಎರಡು ಮಾಡ್ಯುಲೇಷನ್‌ಗೆ. ಒಳಗ ಸುಮಾರು 2,500 ವೋಲ್ಟ್ ಡಿಸಿ ಇರತೈತಿ, ಮುಟ್ಟಿದ್ರ ಜೀವಾ ಹೋಗತೈತಿ. ಮೇನ್ ಸ್ವಿಚ್ ತಗದ ಮ್ಯಾಲೂ ಕೆಪಾಸಿಟರ್‌ದಾಗ ಚಾರ್ಜ್ ಉಳದಿರತೈತಿ. ಅರ್ಥಿಂಗ್ ಕೋಲು ತಾಗಿಸಿ, ಅದನ್ನ ಅಲ್ಲೇ ನೇತು ಹಾಕಿ, ಆಮ್ಯಾಲೆ ಕೈ ಹಾಕ್ರಿ. ಒಬ್ಬರ ಕೆಲಸಾ ಮಾಡಬ್ಯಾಡ್ರಿ.

ಹಳೇ ಎಣ್ಣಿ ಕೆಪಾಸಿಟರ್ ಮತ್ತ ಟ್ರಾನ್ಸ್‌ಫಾರ್ಮರ್‌ದಾಗ ಪಿಸಿಬಿ ಅನ್ನೂ ವಿಷಕಾರಿ ಎಣ್ಣಿ ಇರಬಹುದು. ಅಮೆರಿಕಾದಾಗ 1979ರಾಗ ಅದರ ತಯಾರಿಕಿ ನಿಂತೈತಿ, ಅದಕ್ಕಿಂತ ಹಳೇವು ಇದ್ರ ಇರತೈತಿ ಅಂತಾನ ತಿಳೀರಿ. ಸೋರಿದ್ರ ಬರಿಗೈಲೆ ಮುಟ್ಟಬ್ಯಾಡ್ರಿ, ಕಸಕ್ಕ ಎಸೀಬ್ಯಾಡ್ರಿ. ವಿಲೇವಾರಿಗೆ ಬ್ಯಾರೆ ನಿಯಮ ಐತಿ, ಅದರ ಖರ್ಚೂ ಕೊಳ್ಳೂ ಬೆಲಿಯಾಗ ಹಿಡೀರಿ.

ವರ್ಷಗಟ್ಟಲೆ ಕುಂತ ವಾಲ್ವ್‌ಗೆ ಒಮ್ಮೆಲೆ ಹೈ ವೋಲ್ಟೇಜ್ ಕೊಡಬ್ಯಾಡ್ರಿ. ಕೆಲವು ತಾಸು ಬರೀ ಫಿಲಮೆಂಟ್ ಹಚ್ಚಿ ಬಿಡ್ರಿ, ಆಮ್ಯಾಲೆ ಕಡಿಮಿ ಪವರ್, ಆಮ್ಯಾಲೆ ಪೂರಾ. ಕಾಯಂ ಕೆಲಸಕ್ಕ ಮಾತ್ರ ಇದನ್ನ ಇಟ್ಕೋಬ್ಯಾಡ್ರಿ, ಕರೆಂಟ್ ಭಾಳ ತಿನ್ನತೈತಿ. ಈಗಿನ ಸಾಲಿಡ್ ಸ್ಟೇಟ್ 1 ಕಿಲೋವ್ಯಾಟ್ ಯಂತ್ರ ಅದರ ಅರ್ಧದಾಗ ನಡೀತೈತಿ. ಕೆಟ್ಟು ಕುಂತದ್ದು ಕೆನಡಾದ ನಾಟೆಲ್‌ದಂಥಾ ಮಾಡ್ಯೂಲ್ ಮಾದರಿ ಆಗಿದ್ರ ರಿಪೇರಿ ಮಾಡಸ್ರಿ. ಹೆಚ್ಚಿನಂಶ ಸತ್ತಿರೋದು ಮೊಸ್‌ಫೆಟ್, ಪವರ್ ಸಪ್ಲೈ ಕೆಪಾಸಿಟರ್, ಫ್ಯಾನ್. ಯಾಕ ಸತ್ತವು ಅಂದ್ರ ಮಿಂಚು, ಇಲ್ಲಾ ಮೊದಲಿನ ಮಾತು: ನೆಲಾ ಕೆಟ್ಟು ಲೋಡ್ ತಪ್ಪಿದ್ದು.

ಗೋಪುರಪಾಲಕ:
ಟ್ಯೂನಿಂಗ್ ಮನೆಯಲ್ಲಿ ಇಲಿ, ಹಾವು, ಕಣಜದ ಗೂಡು ಮೊದಲು ತೆಗೆಯಿರಿ. ಕಾಯಿಲ್ ಕ್ಲಿಪ್‌ಗಳು ಸಡಿಲವಾಗಿ ಕಪ್ಪಾಗಿದ್ದರೆ ಉಜ್ಜಿ ಬಿಗಿ ಮಾಡಿ, ತೆಗೆಯುವ ಮೊದಲು ಯಾವ ಸುತ್ತಿನಲ್ಲಿತ್ತೆಂದು ಬಣ್ಣದಲ್ಲಿ ಗುರುತು ಹಾಕಿ. ಮೈಕಾ ಕೆಪಾಸಿಟರ್ ಬಿರುಕು ಬಿಟ್ಟಿದೆಯೇ ನೋಡಿ, ಅರ್ಧ ಗಂಟೆ ಪ್ರಸಾರದ ನಂತರ ಆಫ್ ಮಾಡಿ ಬಿಸಿ ನೋಡಿ.

ಗೋಪುರದ ಬುಡದಲ್ಲಿ ಮಿಂಚನ್ನು ನೆಲಕ್ಕೆ ಹಾರಿಸುವ ಎರಡು ಗೋಲಗಳ ಸ್ಪಾರ್ಕ್ ಗ್ಯಾಪ್ ಲೆಕ್ಕ ಹೀಗೆ. ಬುಡದ ಇಂಪೀಡೆನ್ಸ್ 40 ಓಮ್ ಪ್ರತಿರೋಧ, 30 ಓಮ್ ರಿಯಾಕ್ಟನ್ಸ್ ಎಂದಿಟ್ಟುಕೊಳ್ಳಿ. 1 ಕಿಲೋವ್ಯಾಟ್‌ಗೆ 5 ಆಂಪಿಯರ್, 250 ವೋಲ್ಟ್. ಶಿಖರ 354. ಶೇ. 125 ಮಾಡ್ಯುಲೇಷನ್‌ನಲ್ಲಿ ಅದರ 2.25 ಪಟ್ಟು, ಸುಮಾರು 800 ವೋಲ್ಟ್. ಗೋಲಗಳ ನಡುವೆ 1ರಿಂದ 1.5 ಮಿಲಿಮೀಟರ್ ಬಿಟ್ಟರೆ ಕಾರ್ಯಕ್ರಮಕ್ಕೆ ಕಿಡಿ ಹಾರುವುದಿಲ್ಲ, ಮಿಂಚಿಗೆ ಹಾರುತ್ತದೆ. ಎಷ್ಟೋ ಕಡೆ ಬೆರಳು ತೂರುವಷ್ಟು ಅಗಲ ಬಿಟ್ಟಿರುತ್ತಾರೆ, ಆಗ ಮಿಂಚು ಟ್ರಾನ್ಸ್‌ಮಿಟರ್ ಹುಡುಕಿಕೊಂಡು ಬರುತ್ತದೆ. ಗೋಲಗಳು ಅಕ್ಕಪಕ್ಕ ಇರಲಿ. ಒಂದರ ಮೇಲೊಂದಿದ್ದರೆ ಮಳೆಹನಿ ನಡುವೆ ನಿಲ್ಲುತ್ತದೆ.

ಕಾನೂನುಕಟ್ಟೆ:
ಗಡುವಿನ ಬಗ್ಗೆ: ರೇಡಿಯಲ್ ಕೆಲಸ ತಡವಾಗುತ್ತದೆ ಎನಿಸಿದರೆ ಕಾಯಬೇಡಿ. ಕಡಿಮೆ ಪವರ್‌ಗೆ ಎಸ್‌ಟಿಎ ಕೇಳಿ. ಗೋಪುರ ಬಳಸಲೇ ಆಗದಿದ್ದರೆ ಅದೇ ಸ್ಥಳದಲ್ಲಿ ತಂತಿಯ ತುರ್ತು ಆಂಟೆನಾ ಕಟ್ಟಿಯೂ ಪ್ರಸಾರ ಮಾಡಬಹುದು, ಶುರು ಮಾಡಿದ 24 ಗಂಟೆಯೊಳಗೆ ಎಫ್‌ಸಿಸಿಗೆ ಕೋರಿಕೆ ಹೋಗಬೇಕು. ಅನುಮತಿ ಇಲ್ಲದ ಬೇರೆ ಜಾಗದಿಂದ ಮಾಡಿದ ಪ್ರಸಾರ ಲೆಕ್ಕಕ್ಕೇ ಬರುವುದಿಲ್ಲ. ಬರೀ ಪರೀಕ್ಷಾ ಸ್ವರ ಬಿಟ್ಟರೂ ಲೆಕ್ಕಕ್ಕಿಲ್ಲ, ಕಾರ್ಯಕ್ರಮವೇ ಹೋಗಬೇಕು. ವಿದ್ಯುತ್ ಬಿಲ್, ಲಾಗ್, ಧ್ವನಿಮುದ್ರಣ, ಫೋಟೋ ಎಲ್ಲ ಇಟ್ಟುಕೊಳ್ಳಿ. ಒಂದು ದಿನ ಹಚ್ಚಿ ಮತ್ತೆ ಒಂದು ವರ್ಷ ಆರಿಸುವ ಕೇಂದ್ರಗಳನ್ನು ಎಫ್‌ಸಿಸಿ ನವೀಕರಣದ ಹೊತ್ತಿಗೆ ಗಟ್ಟಿಯಾಗಿಯೇ ವಿಚಾರಿಸುತ್ತದೆ.

ಶುರುವಾದ ಮೇಲೆ ವಾಣಿಜ್ಯ ಎಎಂಗೆ ಕನಿಷ್ಠ ಅವಧಿ ಇದೆ: ಭಾನುವಾರ ಬಿಟ್ಟು ದಿನವೂ ಬೆಳಗ್ಗೆ 6ರಿಂದ ಸಂಜೆ 6ರೊಳಗೆ ಮೂರನೇ ಎರಡು ಪಾಲು, ಅಂದರೆ 8 ಗಂಟೆ, ಸಂಜೆ 6ರಿಂದ ಮಧ್ಯರಾತ್ರಿಯೊಳಗೆ 4 ಗಂಟೆ. ತುರ್ತು ಎಚ್ಚರಿಕೆಯ ಇಎಎಸ್ ಯಂತ್ರ ಮೊದಲ ದಿನದಿಂದಲೇ ಬೇಕು. ಪವರ್ ಲೈಸೆನ್ಸ್‌ನ ಶೇ. 90ರಿಂದ 105ರೊಳಗೆ, ಆವರ್ತನ 20 ಹರ್ಟ್ಸ್‌ಗಿಂತ ಆಚೀಚೆ ಆಗಬಾರದು. ಊರಿನ ಸಮಸ್ಯೆಗಳ ಬಗ್ಗೆ ಏನೇನು ಪ್ರಸಾರ ಮಾಡಿದಿರಿ ಎಂಬ ಪಟ್ಟಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 10ರೊಳಗೆ ಆನ್‌ಲೈನ್ ಕಡತ ಸೇರಬೇಕು.

ಧ್ವನಿಫಲಕ:
ಒಪ್ಪಿದೆ, ಎಎಂ ಉಳಿಯಲಿ. ಹಾಗಾದರೆ ಸ್ಟುಡಿಯೋ ಬಗ್ಗೆ ನನ್ನ ಪಾಲು. 2017ರಲ್ಲಿ ಎಫ್‌ಸಿಸಿ ಮುಖ್ಯ ಸ್ಟುಡಿಯೋ ನಿಯಮ ತೆಗೆದುಹಾಕಿದೆ, ಊರಲ್ಲಿ ಸ್ಟುಡಿಯೋ ಇರಲೇಬೇಕೆಂದಿಲ್ಲ. ಆದರೂ ಇಡಿ, ಗ್ರಂಥಾಲಯದ ಒಂದು ಕೋಣೆ ಸಾಕು. ಜನ ಒಳಗೆ ಬಂದು ಮಾತಾಡಿ ಹೋಗುವಂತಿರಲಿ. ಎರಡು ಡೈನಮಿಕ್ ಮೈಕ್, ಚಿಕ್ಕ ಮಿಕ್ಸರ್, ಫೋನ್ ಕರೆಯನ್ನು ಮಿಕ್ಸರ್‌ಗೆ ಸೇರಿಸುವ ಫೋನ್ ಹೈಬ್ರಿಡ್, ಲಿನಕ್ಸ್ ಮೇಲೆ ನಡೆಯುವ ಉಚಿತ, ಕಾರ್ಯಕ್ರಮ ನುಡಿಸುವ ರಿವೆಂಡೆಲ್ ತಂತ್ರಾಂಶ. ಗೋಪುರದ ಕಡೆಗೆ ಅಂತರ್ಜಾಲದ ಮೂಲಕ ಧ್ವನಿ ಕಳಿಸುವ ಐಪಿ ಕೋಡೆಕ್. ಅದರ ಜೊತೆ, ಸಂಪರ್ಕ ತಪ್ಪಿ 30 ಸೆಕೆಂಡ್ ಸದ್ದಿಲ್ಲದಿದ್ದರೆ ಅಲ್ಲೇ ಇರುವ ಮೆಮೊರಿ ಕಾರ್ಡಿನಿಂದ ನುಡಿಸುವ ಏರ್ಪಾಡು.

ಧ್ವನಿಯನ್ನು 10 ಕಿಲೋಹರ್ಟ್ಸ್‌ಗೆ ಕತ್ತರಿಸುವುದು ನಿಯಮ. ಮಾತೇ ಹೆಚ್ಚಿರುವ ಕೇಂದ್ರಕ್ಕೆ 6ರಲ್ಲಿ ಕತ್ತರಿಸಿದರೂ ಸಾಕು, ಸಾಮಾನ್ಯ ರೇಡಿಯೋಗಳು ಅದಕ್ಕಿಂತ ಮೇಲೆ ಕೇಳಿಸುವುದೂ ಇಲ್ಲ, ಉಳಿದ ಶಕ್ತಿ ಮಾತಿಗೆ ಸಿಗುತ್ತದೆ. ಮಾಡ್ಯುಲೇಷನ್‌ನ ನೆಗೆಟಿವ್ ಶಿಖರ ಶೇ. 100 ಮುಟ್ಟಲು ಬಿಡಬೇಡಿ, 98ಕ್ಕೆ ನಿಲ್ಲಿಸಿ. ಮುಟ್ಟಿದರೆ ಕ್ಯಾರಿಯರ್ ಕಡಿದು ಅಕ್ಕಪಕ್ಕದ ಚಾನೆಲ್‌ಗೆ ಗೊರಗೊರ ಹೋಗುತ್ತದೆ.

ಕಾರ್ಯಕ್ರಮದಲ್ಲಿ ಉಪಗ್ರಹದಿಂದ ಬರುವ ಹಾಡುಗಳನ್ನು ದಿನವಿಡೀ ಹರಿಸಬೇಡಿ, ಅದಕ್ಕೆ ಈ ಊರಿನ ರೇಡಿಯೋ ಬೇಕಿಲ್ಲ. ಧಾನ್ಯದ ಧಾರಣೆ, ಶಾಲೆಗೆ ಹಿಮದ ರಜೆ, ಸಾವಿನ ಸುದ್ದಿ, ಹೈಸ್ಕೂಲ್ ಫುಟ್‌ಬಾಲ್, ಕೌಂಟಿ ಸಭೆಯ ಪೂರ್ತಿ ಧ್ವನಿಮುದ್ರಣ: ಇವನ್ನು ದಿನವೂ ಅದೇ ಹೊತ್ತಿಗೆ ಕೊಡಿ. ಹೊತ್ತು ತಪ್ಪಿದರೆ ಕೇಳುಗ ತಪ್ಪುತ್ತಾನೆ. ವಾರಪತ್ರಿಕೆ ಮುಚ್ಚಿದ ಊರಲ್ಲಿ ಇದಕ್ಕಿಂತ ದೊಡ್ಡ ಸೇವೆ ಇಲ್ಲ.

ಓದುಗ_ಹಾಸನ:
ಇದನ್ನೆಲ್ಲ ಓದಿ ಒಂದು ಪ್ರಶ್ನೆ. ನಮ್ಮ ಕಡೆ ಒಂದು ತಾಲ್ಲೂಕಿಗೆ ಹೀಗೆ ಪುಟ್ಟ ಎಎಂ ಹಾಕಲು ಸಾಧ್ಯವೇ ಸರ್?

ಕಾನೂನುಕಟ್ಟೆ:
ಇಲ್ಲ. ಭಾರತದಲ್ಲಿ ಮಧ್ಯಮ ತರಂಗ ಆಕಾಶವಾಣಿಯದು, ಖಾಸಗಿಯವರಿಗೆ ಲೈಸೆನ್ಸ್ ಇಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮನೆಯಲ್ಲಿ 30 ವ್ಯಾಟ್‌ನ ಕೇಂದ್ರ ನಡೆಸಿದ ಕಾಲದ ಅವಕಾಶ ಈಗಿಲ್ಲ. ನಿಮಗಿರುವ ದಾರಿ ಸಮುದಾಯ ರೇಡಿಯೋ: ಎಫ್‌ಎಂ, 100 ವ್ಯಾಟ್, ಆಂಟೆನಾ 30 ಮೀಟರ್‌ವರೆಗೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶವಾಯಿತು. ಸರಗೂರಿನ ಜನಧ್ವನಿ ಅಂಥದ್ದೇ. ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿಯವರು ಗಾಳಿಯಲ್ಲಿ ಪ್ರಸಾರಕ್ಕೆ ಅನುಮತಿ ಇಲ್ಲದ ದಿನಗಳಲ್ಲಿ ಕೇಬಲ್ ತಂತಿಯಲ್ಲೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದ್ದರು. ಎಫ್‌ಎಂಗೆ ರೇಡಿಯಲ್ ತಂತಿಯ ಗೋಜಿಲ್ಲ, ಅಲ್ಲಿ ಎತ್ತರವೇ ಎಲ್ಲ.

ಮಧ್ಯಮತರಂಗ:
ಸಮಿತಿಗೆ ಹೀಗೆ ಬರೆದು ಕೊಡುತ್ತಿದ್ದೇನೆ: ಈ ವಾರ ಬಾಕಿ ಮತ್ತು ಎಸ್‌ಟಿಎ ತಪಾಸಣೆ, ಆಂಕರ್ ಅಗೆತ. ಮುಂದಿನ ತಿಂಗಳು ಸಮಯ ಖರೀದಿ ಒಪ್ಪಂದ, ದಕ್ಷಿಣದ ಬದಿಯ 60 ರೇಡಿಯಲ್, ಅಂದರೆ ಸುಮಾರು 150 ಕೆ.ಜಿ. ತಾಮ್ರ. ಅದರ ಜೊತೆಗೇ ಗೇಟ್ಸ್‌ನಲ್ಲಿ 250 ವ್ಯಾಟ್ ಪ್ರಸಾರ. ಹೊಸ ಟ್ರಾನ್ಸ್‌ಮಿಟರ್ ಪಟ್ಟಿಯ ಕೊನೆಯಲ್ಲಿ.

ಹುಬ್ಬಳ್ಳಿ_ಹ್ಯಾಮ್:
ಛಲೋ ಆತ್ರಿ. ಒಂದ ಮಾತು: ತಾಮ್ರ ಒಮ್ಮೆಲೆ ತರಿಸಿ ಗೋಪುರದ ಹತ್ರ ಇಡಬ್ಯಾಡ್ರಿ, ಆ ದಿನ ಹೂಳೂವಷ್ಟ ಒಯ್ರಿ. ಬುಡದ ಪಟ್ಟಿ ಮ್ಯಾಲೆ ಒಂದು ಪದರ ಕಾಂಕ್ರೀಟ್ ಹಾಕಿಬಿಡ್ರಿ, ಮತ್ತ ಕೊಯ್ಯಾಕ ಆಗೂದಿಲ್ಲ.